ಎಪ್ಸಮ್ಮಿನ ಉಪ್ಪಿನಿಂದ ಮೆಗ್ನೀಸಿಯಮ್ ಗುಳಿಗೆಯವರೆಗೆ: ಒಂದು ವಿಶ್ವಾಸದ ಇತಿಹಾಸ

೧. ವಿಷಯ ಪ್ರವೇಶ

ಔಷಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದ ಔಷಧಗಳ ಕಥೆಯನ್ನೇ ಹೇಳುತ್ತಾರೆ. ಪೂರ್ಣವಾಗಿ ಗೆಲ್ಲದೆ, ಪೂರ್ಣವಾಗಿ ಸೋಲದೆ, ಶತಮಾನಗಳ ಕಾಲ ಜನರ ವಿಶ್ವಾಸದಲ್ಲಿ ಉಳಿದುಬಂದ ಪದಾರ್ಥಗಳ ಚರಿತ್ರೆಯೂ ಕಡಮೆ ಬೋಧಪ್ರದವಾದುದಲ್ಲ. ಮೆಗ್ನೀಸಿಯಮ್ ಅಂತಹ ಪದಾರ್ಥಗಳಲ್ಲೊಂದು. ಇಂದು ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಅನೇಕ ಸ್ತ್ರೀಯರು ಕೀಲುನೋವಿಗಾಗಿಯೂ ಮನಸ್ಸಿನ ಕುಗ್ಗುವಿಕೆಗಾಗಿಯೂ ಇದರ ಗುಳಿಗೆಗಳನ್ನು ತಾವಾಗಿಯೇ ಕೊಂಡು ಸೇವಿಸುತ್ತಿದ್ದಾರೆ. ಈ ವಿಶ್ವಾಸ ಎಲ್ಲಿಂದ ಬಂದಿತು, ಅದಕ್ಕೆ ಇರುವ ಆಧಾರವೆಷ್ಟು ಎಂಬುದನ್ನು ಇತಿಹಾಸದ ಕ್ರಮದಲ್ಲಿ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯವನ್ನು ಕೈಗೆತ್ತಿಕೊಳ್ಳಲು ಮನೆಯ ಒಂದು ಪ್ರಸಂಗವೇ ಕಾರಣವಾಯಿತೆಂಬುದನ್ನು ಮರೆಮಾಚುವುದು ಉಚಿತವಲ್ಲ. ನಮ್ಮ ದೊಡ್ಡಮ್ಮನವರು ಶಸ್ತ್ರಚಿಕಿತ್ಸೆಯಾದ ಮೇಲೆ ದಿನಕ್ಕೊಂದರಂತೆ ಐದು ವರ್ಷ ನುಂಗಬೇಕಾದ ಗುಳಿಗೆಯನ್ನು ತೆಗೆದುಕೊಳ್ಳುತ್ತಿದ್ದರು. ಬೆಳಗ್ಗೆ ಎದ್ದರೆ ಬೆರಳು ಮಡಿಸಲಾಗದು, ಮೆಟ್ಟಿಲು ಇಳಿಯಲಾಗದು, ಯಾರೊಡನೆಯೂ ಮಾತು ಬೇಡವೆನ್ನಿಸುವುದು. ನೆರೆಮನೆಯವರು ತಂದುಕೊಟ್ಟ ಮೆಗ್ನೀಸಿಯಮ್ ಶೀಶೆಯನ್ನು ನಮ್ಮ ಮುಂದಿಟ್ಟು ಅವರು ಹೇಳಿದ ಮಾತಿದು: "ನೀನು ಇತಿಹಾಸ ಓದಿದವನು. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಅಂತ ತೂಗಿ ನೋಡೋದೇ ನಿನ್ನ ಕೆಲಸವಲ್ಲವೇನಪ್ಪ? ಇದನ್ನೂ ಸ್ವಲ್ಪ ನೋಡಿ ಹೇಳು. ಇದರಿಂದ ಆಗದಿದ್ದರೆ ಆ ದೊಡ್ಡ ಮಾತ್ರೆಯನ್ನೇ ಬಿಟ್ಟುಬಿಡ್ತೀನಿ." ನಾವು ವೈದ್ಯರಲ್ಲ. ಆದರೆ ಸಾಕ್ಷ್ಯವನ್ನು ತೂಗುವುದು ನಮ್ಮ ಶಾಸ್ತ್ರದ ಧರ್ಮವಾದುದರಿಂದ, ಆ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಸಾಧ್ಯವಾಗಲಿಲ್ಲ.

೨. ಎಪ್ಸಮ್ಮಿನ ಕಹಿ ನೀರು

ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಎಪ್ಸಮ್ ಎಂಬುದೊಂದು ಊರು. ೧೬೧೮ರಲ್ಲಿ, ಮಳೆ ಹಿಂದೆಗೆದ ಬೇಸಗೆಯಲ್ಲಿ, ದನಗಾಹಿಯೊಬ್ಬನು ಅಲ್ಲಿಯ ಗೋಮಾಳದ ಹೊಂಡದ ನೀರನ್ನು ತನ್ನ ದನಗಳಿಗೆ ತೋರಿಸಿದನೆಂದೂ, ಬಾಯಾರಿದ್ದರೂ ಅವು ಆ ಕಹಿ ನೀರನ್ನು ಮುಟ್ಟಲಿಲ್ಲವೆಂದೂ ಐತಿಹ್ಯವಿದೆ. ಇದನ್ನು ಐತಿಹ್ಯವೆಂದೇ ಗ್ರಹಿಸತಕ್ಕದ್ದು. ಆದರೆ ದನಗಳು ಒಲ್ಲದ ನೀರನ್ನು ಮನುಷ್ಯರು ಒಲಿದರೆಂಬುದು ಮಾತ್ರ ದಾಖಲೆಗಳಿಂದ ಸಿದ್ಧವಾದ ಸಂಗತಿ. ಆ ನೀರು ಹೊಟ್ಟೆಯನ್ನು ಬೇಗನೆ ತೊಳೆಯುತ್ತಿದ್ದಿತು. ಹದಿನೇಳನೆಯ ಶತಮಾನದ ನಡುವಿನ ಹೊತ್ತಿಗೆ ಲಂಡನ್ನಿನಿಂದ ಜನ ಅಲ್ಲಿಗೆ ಯಾತ್ರೆ ಹೊರಡುವಂತಾಯಿತು. ದಿನಚರಿಕಾರನಾದ ಸ್ಯಾಮ್ಯುಯಲ್ ಪೀಪ್ಸನು ೧೬೬೭ರ ಜುಲೈಯಲ್ಲಿ ಅಲ್ಲಿಗೆ ಹೋಗಿ ಆ ನೀರನ್ನು ಕುಡಿದುದು ಅವನ ದಿನಚರಿಯಲ್ಲಿಯೇ ದಾಖಲಾಗಿದೆ.

ಸಸ್ಯರಚನೆಯ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲೊಬ್ಬನಾದ ನೆಹಮಿಯಾ ಗ್ರೂ ಈ ನೀರನ್ನು ಇಂಗಿಸಿ ದೊರೆತ ಕಹಿ ಉಪ್ಪನ್ನು ಕುರಿತು ೧೬೯೫ರಲ್ಲಿ ಲ್ಯಾಟಿನ್ನಿನಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ೧೬೯೮ರಲ್ಲಿ ಅವನಿಗೆ ಆ ಉಪ್ಪನ್ನು ತಯಾರಿಸುವ ರಾಜಸನ್ನದು ದೊರಕಿತು. ಆದರೆ ಅಷ್ಟರಲ್ಲಿಯೇ, ೧೬೯೭ರಲ್ಲಿ, ಮೋಲ್ಟ್ ಎಂಬ ಔಷಧವ್ಯಾಪಾರಿ ಅವನ ಅಪ್ಪಣೆಯಿಲ್ಲದೆ ಆ ಪ್ರಬಂಧವನ್ನು ಇಂಗ್ಲಿಷಿಗೆ ಭಾಷಾಂತರಿಸಿದ್ದನು. ಅವನೂ ಅವನ ಸಹೋದರನೂ ತಾವೇ ಉಪ್ಪನ್ನು ತಯಾರಿಸಿ ಅಗ್ಗದ ಬೆಲೆಗೆ ಮಾರಿದರು. ಯಾರ ಉಪ್ಪು ನಿಜವಾದುದು, ಯಾರದು ನಕಲಿ ಎಂಬ ಜಗಳ ಕರಪತ್ರಗಳಲ್ಲಿ ನಡೆಯಿತು. ಮುಂದೆ ಸಮುದ್ರದ ನೀರಿನಿಂದ ಅಡಿಗೆಯ ಉಪ್ಪನ್ನು ತೆಗೆದಮೇಲೆ ಉಳಿಯುವ ಕಹಿ ದ್ರವದಿಂದಲೂ ಅದನ್ನು ತೆಗೆಯತೊಡಗಿದರು. ಎಪ್ಸಮ್ಮಿನ ಬುಗ್ಗೆಗೂ ಪೊಟ್ಟಣದೊಳಗಿನ ಉಪ್ಪಿಗೂ ಸಂಬಂಧ ಕಡಿದುಹೋಯಿತು; ಎಪ್ಸಮ್ಮಿನ ಹೆಸರು ಮಾತ್ರ ನಿಂತಿತು. ಶಾಸ್ತ್ರಜ್ಞ, ಸನ್ನದು, ವ್ಯಾಪಾರಿ, ನಕಲಿ, ಪ್ರಚಾರ ಎಂಬ ಐದು ಪಾತ್ರಗಳೂ ಮುನ್ನೂರು ವರ್ಷಗಳ ಹಿಂದೆಯೇ ರಂಗದ ಮೇಲಿದ್ದುವೆಂಬುದನ್ನು ವಾಚಕರು ಗಮನಿಸಬೇಕು.

೩. ಪ್ರಯೋಗಶಾಲೆಯ ತೀರ್ಪುಗಳು

ಹದಿನೆಂಟನೆಯ ಶತಮಾನದಲ್ಲಿ ಈ ಉಪ್ಪಿನ ಬಂಧುವಾದ ಬಿಳಿ ಮೆಗ್ನೀಸಿಯ ಪುಡಿ ಬಳಕೆಗೆ ಬಂದಿತು. ಎಡಿನ್‌ಬರೋದ ಜೋಸೆಫ್ ಬ್ಲ್ಯಾಕನು ಇದನ್ನು ತೂಕ ಹಾಕಿ, ಕಾಯಿಸಿ, ಮತ್ತೆ ತೂಕ ಹಾಕಿ, ಇಂದು ನಾವು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ಅನಿಲವನ್ನು ೧೭೫೪ರಿಂದ ೧೭೫೬ರವರೆಗಿನ ಪ್ರಯೋಗಗಳಲ್ಲಿ ಗುರುತಿಸಿದನು. ಹಂಫ್ರಿ ಡೇವಿ ೧೮೦೮ರಲ್ಲಿ ವಿದ್ಯುಚ್ಛಕ್ತಿಯ ಸಹಾಯದಿಂದ ಇದರೊಳಗಿನ ಲೋಹವನ್ನು ಬೇರ್ಪಡಿಸಿದನು. ೧೮೭೩ರಲ್ಲಿ ಚಾರ್ಲ್ಸ್ ಫಿಲಿಪ್ಸ್ ಅಮೆರಿಕದಲ್ಲಿ 'ಮಿಲ್ಕ್ ಆಫ್ ಮೆಗ್ನೀಸಿಯ'ಕ್ಕೆ ಪೇಟೆಂಟ್ ಪಡೆದನು. ಇಷ್ಟರವರೆಗೂ ಇದು ಹೊಟ್ಟೆಯ ಔಷಧವೇ ಹೊರತು ನರಗಳದ್ದಲ್ಲ, ಮನಸ್ಸಿನದಲ್ಲ, ಕೀಲುಗಳದ್ದಂತೂ ಅಲ್ಲ.

ಇದರ ಕೀರ್ತಿಯ ದಿಕ್ಕು ಬದಲಾದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಮೆಲ್ಟ್ಸರ್ ಮತ್ತು ಔರ್ ಎಂಬ ವಿದ್ವಾಂಸರು ಮೆಗ್ನೀಸಿಯಮ್ ಲವಣವನ್ನು ಸೂಜಿಯ ಮೂಲಕ ಪ್ರಾಣಿಗಳಿಗೆ ಕೊಟ್ಟರೆ ನರ ಸ್ನಾಯುಗಳು ಮಂಕಾಗುತ್ತವೆಂಬುದನ್ನು ೧೯೦೫ರಲ್ಲಿ ತೋರಿಸಿದರು. ೧೯೩೨ರಲ್ಲಿ ಕ್ರೂಸ್, ಓರೆಂಟ್, ಮೆಕಾಲಮ್ ಎಂಬವರು ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯನ್ನು ಸ್ಥಾಪಿಸಿದರು: ಆಹಾರದಿಂದ ಮೆಗ್ನೀಸಿಯಮ್ಮನ್ನು ತೆಗೆದುಹಾಕಿದಾಗ ಇಲಿಗಳು ಸಣ್ಣ ಸದ್ದಿಗೂ ಬೆಚ್ಚಿ, ಕೊನೆಗೆ ಸೆಳವಿಗೆ ಸಿಕ್ಕಿ ಸಾಯುತ್ತಿದ್ದುವು. ಕೊಟ್ಟರೆ ಶಾಂತಿ, ಕಳೆದರೆ ಕ್ಷೋಭೆ ಎಂಬ ಈ ಜೋಡಿ ಸಂಗತಿಗಳೇ, ನಮ್ಮ ಅಭಿಪ್ರಾಯದಲ್ಲಿ, ಮೆಗ್ನೀಸಿಯಮ್ ಮನಸ್ಸನ್ನು ತಣಿಸುತ್ತದೆಂಬ ಇಂದಿನ ನಂಬಿಕೆಗೆ ಬೀಜಗಳು.

ಮಾನವ ಚಿಕಿತ್ಸೆಯಲ್ಲಿ ಈ ಬೀಜಗಳಿಂದ ಬೆಳೆದ ಎರಡು ಫಲಗಳನ್ನು ಹೋಲಿಸಬೇಕು. ಮೊದಲನೆಯದು ಗರ್ಭಿಣಿಯರಿಗೆ ರಕ್ತದೊತ್ತಡದೊಡನೆ ಬರುವ ಸೆಳವಿನ ಚಿಕಿತ್ಸೆ. ೧೯೦೬ರಿಂದಲೂ ಅಲ್ಲಲ್ಲಿ ಪ್ರಯೋಗದಲ್ಲಿದ್ದ ಮೆಗ್ನೀಸಿಯಮ್ ಸಲ್ಫೇಟನ್ನು ೩೩ ದೇಶಗಳ ಸುಮಾರು ಹತ್ತು ಸಾವಿರ ಸ್ತ್ರೀಯರಲ್ಲಿ ಪರೀಕ್ಷಿಸಿ, ಅದು ಸೆಳವಿನ ಸಂಭವವನ್ನು ಅರ್ಧಕ್ಕಿಂತಲೂ ಹೆಚ್ಚಾಗಿ ತಗ್ಗಿಸುತ್ತದೆಂದು ೨೦೦೨ರಲ್ಲಿ ಪ್ರಕಟಿಸಿದರು. ನಮ್ಮ ನಾಡಿನ ಹೆರಿಗೆ ಆಸ್ಪತ್ರೆಗಳಲ್ಲಿಯೂ ಇದು ಇಂದು ಪ್ರಾಣರಕ್ಷಕವಾದ ಔಷಧ. ಎರಡನೆಯದು ಹೃದಯಾಘಾತದ ಚಿಕಿತ್ಸೆ. ೧೯೯೨ರಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ೨,೩೧೬ ರೋಗಿಗಳ ಮೇಲೆ ನಡೆದ ಪರೀಕ್ಷೆ ಮೆಗ್ನೀಸಿಯಮ್ ಸಾವುಗಳನ್ನು ಸುಮಾರು ನಾಲ್ಕನೆಯ ಒಂದು ಪಾಲು ಕಡಮೆಮಾಡುತ್ತದೆಂದು ತೋರಿಸಿತು. ಮೂರು ವರ್ಷಗಳ ತರುವಾಯ, ೧೯೯೫ರಲ್ಲಿ, ೫೮,೦೫೦ ರೋಗಿಗಳ ಪರೀಕ್ಷೆಯ ಫಲ ಹೊರಬಿದ್ದಾಗ ಆ ಲಾಭ ಕಾಣಿಸಲೇ ಇಲ್ಲ. ಒಂದೇ ಲವಣ, ಒಂದೇ ಬಗೆಯ ಆಶೆ. ಒಂದು ಕಡೆ ಸಾಕ್ಷ್ಯ ನಿಂತಿತು, ಇನ್ನೊಂದು ಕಡೆ ಕುಸಿಯಿತು. ಒಂದು ರೋಗದಲ್ಲಿ ಗೆದ್ದುದು ಇನ್ನೊಂದು ರೋಗದಲ್ಲಿ ಗೆಲ್ಲುವುದಕ್ಕೆ ಪ್ರಮಾಣವಾಗದು.

೪. ಸ್ತನ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆ

ಈಗ ಕಥೆಯ ಎರಡನೆಯ ಎಳೆಯನ್ನು ಹಿಡಿಯೋಣ. ಆಶ್ಚರ್ಯದ ಸಂಗತಿಯೆಂದರೆ, ಇದರ ಆರಂಭದಲ್ಲಿಯೂ ದನಗಳಿವೆ. ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್‌ಸನ್ ತಾರುಣ್ಯದಲ್ಲಿ ಹಾಲೂಡುವಿಕೆಯನ್ನು ಕುರಿತು ಅಭ್ಯಾಸ ಮಾಡಿದ್ದನು. ಕೆಲವು ದೇಶಗಳಲ್ಲಿ ಕರುಹಾಕಿದ ಹಸುವಿನ ಅಂಡಾಶಯಗಳನ್ನು ತೆಗೆದು, ಅದು ಬಹುಕಾಲ ಹಾಲು ಕೊಡುವಂತೆ ಮಾಡುತ್ತಿದ್ದರೆಂಬುದು ಅವನಿಗೆ ತಿಳಿದಿದ್ದಿತು. ಹಾಗಾದರೆ ಅಂಡಾಶಯಕ್ಕೂ ಸ್ತನಕ್ಕೂ ಏನೋ ಸಂಬಂಧವಿರಬೇಕೆಂದು ಊಹಿಸಿ, ೧೮೯೫ರ ಜೂನ್ ತಿಂಗಳಲ್ಲಿ, ಶಸ್ತ್ರಚಿಕಿತ್ಸೆಯಾದ ಮೇಲೂ ಕ್ಯಾನ್ಸರ್ ಮರುಕಳಿಸಿದ್ದ ೩೩ ವರ್ಷದ ಸ್ತ್ರೀಯೊಬ್ಬಳ ಅಂಡಾಶಯಗಳನ್ನು ತೆಗೆದನು. ಗಂಟುಗಳು ಕರಗಿದುವು. ೧೮೯೬ರಲ್ಲಿ ಅವನು ಇದನ್ನು ಪ್ರಕಟಿಸಿದನು. ೧೯೦೦ರಲ್ಲಿ ಸ್ಟ್ಯಾನ್ಲಿ ಬಾಯ್ಡ್ ಎಂಬವನು ಇಂತಹ ೫೪ ರೋಗಿಗಳ ವೃತ್ತಾಂತವನ್ನು ಒಟ್ಟುಗೂಡಿಸಿ ನೋಡಲಾಗಿ, ಮೂವರಲ್ಲಿ ಒಬ್ಬರಿಗೆ ಮಾತ್ರ ಗುಣ ಕಂಡಿದ್ದಿತು. ಬೀಟ್‌ಸನ್ನನ ಒಂದು ಉಜ್ವಲ ದೃಷ್ಟಾಂತಕ್ಕಿಂತ ಬಾಯ್ಡನ ಈ ನಿಸ್ಸಾರವಾಗಿ ಕಾಣುವ ಲೆಕ್ಕವೇ ಹೆಚ್ಚು ಬೆಲೆಯುಳ್ಳದ್ದು. ಯಾರಿಗೆ ಗುಣವಾಗುತ್ತದೆ, ಯಾರಿಗೆ ಇಲ್ಲ, ಏಕೆ ಎಂಬ ಪ್ರಶ್ನೆಗೆ ಅದು ಎಡೆಮಾಡಿತು. ಆ ಪ್ರಶ್ನೆಗೆ ಉತ್ತರದ ದಾರಿ ತೆರೆದವರು ಷಿಕಾಗೋದ ಎಲ್‌ವುಡ್ ಜೆನ್‌ಸನ್. ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನನ್ನು ಹಿಡಿದಿಡುವ ಗ್ರಾಹಕ ಕೆಲವು ಗಂಟುಗಳಲ್ಲಿ ಇದೆ, ಕೆಲವುಗಳಲ್ಲಿ ಇಲ್ಲ ಎಂಬುದು ಅವರ ಸಂಶೋಧನೆಯಿಂದ ಸ್ಪಷ್ಟವಾಯಿತು.

ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯ ಪ್ರಯೋಗಶಾಲೆಯಲ್ಲಿ ೧೯೬೨ರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ವಿದುಷಿ ಟಮಾಕ್ಸಿಫೆನ್ ಎಂಬ ರಾಸಾಯನಿಕವನ್ನು ತಯಾರಿಸಿದರು. ಹುಡುಕುತ್ತಿದ್ದುದು ಗರ್ಭನಿರೋಧಕವನ್ನು, ಇಲಿಗಳಲ್ಲಿ ಅದು ಫಲಿಸಿದರೂ ಸ್ತ್ರೀಯರಲ್ಲಿ ವಿಪರೀತ ಫಲವನ್ನೇ ಕೊಟ್ಟಿತು. ಆದರೆ ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ಮೇರಿ ಕೋಲ್ ಮತ್ತು ಸಂಗಡಿಗರು ಅದನ್ನು ಸ್ತನ ಕ್ಯಾನ್ಸರಿನಲ್ಲಿ ಪರೀಕ್ಷಿಸಿ ೧೯೭೧ರಲ್ಲಿ ಅನುಕೂಲವಾದ ವರದಿಯನ್ನು ಕೊಟ್ಟರು. ಹಾರ್ಮೋನ್ ಗ್ರಾಹಕವುಳ್ಳ ರೋಗದಲ್ಲಿ ಐದು ವರ್ಷ ಇದನ್ನು ಸೇವಿಸಿದರೆ ಮುಂದಿನ ಹದಿನೈದು ವರ್ಷಗಳಲ್ಲಿ ಆ ರೋಗದಿಂದಾಗುವ ಸಾವು ಸುಮಾರು ಮೂರನೆಯ ಒಂದು ಪಾಲು ತಗ್ಗುತ್ತದೆಂಬುದು ಈಗ ಸಿದ್ಧವಾದ ಅಂಶ.

ಮುಟ್ಟು ನಿಂತಮೇಲೆ ಅಂಡಾಶಯಗಳು ವಿರಮಿಸಿದರೂ, ಕೊಬ್ಬು, ಸ್ನಾಯು ಮೊದಲಾದ ಕಡೆ ಅರೋಮಟೇಸ್ ಎಂಬ ಕಿಣ್ವ ಸ್ವಲ್ಪ ಈಸ್ಟ್ರೊಜೆನನ್ನು ತಯಾರಿಸುತ್ತಲೇ ಇರುತ್ತದೆ. ಈ ಕಿಣ್ವವನ್ನು ತಡೆಯುವ ಮಾರ್ಗವನ್ನು ೧೯೭೦ರ ದಶಕದಿಂದ ಸಾಧಿಸಿ ತೋರಿಸಿದವರು ಏಂಜೆಲಾ ಬ್ರೋಡಿ. ೧೯೯೦ರ ದಶಕದಲ್ಲಿ ಅನಾಸ್ಟ್ರೊಝೋಲ್, ಲೆಟ್ರೊಝೋಲ್ ಮುಂತಾದ ಗುಳಿಗೆಗಳು ಬಂದುವು. ೯,೩೬೬ ಸ್ತ್ರೀಯರು ಭಾಗವಹಿಸಿದ ದೊಡ್ಡ ಪರೀಕ್ಷೆಯೊಂದರಲ್ಲಿ ಅನಾಸ್ಟ್ರೊಝೋಲ್ ರೋಗದ ಮರುಕಳಿಕೆಯನ್ನು ತಡೆಯುವುದರಲ್ಲಿ ಟಮಾಕ್ಸಿಫೆನ್ನನ್ನು ಮೀರಿಸಿತು. ಆದರೆ ಅದೇ ಪರೀಕ್ಷೆಯ ಪಟ್ಟಿಯಲ್ಲಿ ಇನ್ನೊಂದು ಸಾಲೂ ಇದ್ದಿತು. ಕೀಲುನೋವು ಟಮಾಕ್ಸಿಫೆನ್ ಪಡೆದವರಲ್ಲಿ ನೂರಕ್ಕೆ ಸುಮಾರು ೨೯ ಮಂದಿಗೆ, ಅನಾಸ್ಟ್ರೊಝೋಲ್ ಪಡೆದವರಲ್ಲಿ ನೂರಕ್ಕೆ ಸುಮಾರು ೩೬ ಮಂದಿಗೆ ಉಂಟಾಗಿದ್ದಿತು.

೫. ನೋವು ಮತ್ತು ತೊರೆಯುವಿಕೆ

ಪಟ್ಟಿಯ ಒಂದು ಸಾಲು ಮನೆಯೊಳಗೆ ಎಷ್ಟು ದೊಡ್ಡದಾಗಬಲ್ಲುದೆಂಬುದನ್ನು ಮುಂದಿನ ವರದಿಗಳು ತಿಳಿಸುತ್ತವೆ. ೨೦೦೭ರಲ್ಲಿ ನ್ಯೂಯಾರ್ಕಿನಲ್ಲಿ ಇಂತಹ ಗುಳಿಗೆ ಸೇವಿಸುತ್ತಿದ್ದ ೨೦೦ ಸ್ತ್ರೀಯರನ್ನು ನೇರವಾಗಿ ವಿಚಾರಿಸಿದಾಗ, ನೂರಕ್ಕೆ ೪೭ ಮಂದಿ ಆ ಚಿಕಿತ್ಸೆಯಿಂದ ಕೀಲುನೋವುಂಟಾಗಿದೆಯೆಂದರು. ಅಮೆರಿಕದಲ್ಲಿ ೮,೭೬೯ ಸ್ತ್ರೀಯರ ಔಷಧ ಖರೀದಿಯ ದಾಖಲೆಗಳನ್ನು ಪರಿಶೀಲಿಸಿ ೨೦೧೦ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾರ್ಮೋನ್ ಚಿಕಿತ್ಸೆಯನ್ನು ವಿಧಿಸಿದ ಪೂರ್ಣಾವಧಿಗೆ, ವಿಧಿಸಿದ ಕ್ರಮದಲ್ಲಿ ನಡೆಸಿದವರು ನೂರಕ್ಕೆ ೪೯ ಮಂದಿ ಮಾತ್ರ. ನಡುವೆ ನಿಲ್ಲಿಸಿದವರಲ್ಲಿ ಸಾವು ಹೆಚ್ಚಾಗಿ ಕಂಡುಬಂದಿತೆಂಬುದನ್ನು ಅದೇ ವಿದ್ವಾಂಸರು ಮರುವರ್ಷ ತೋರಿಸಿದರು.

ನಮ್ಮ ವಿಚಾರದ ಮರ್ಮವಿರುವುದು ಇಲ್ಲಿಯೇ. ಕೀಲುನೋವು ಸಾಯಿಸುವುದಿಲ್ಲ, ಕೀಲುನೋವಿಗಾಗಿ ಬಿಟ್ಟ ಗುಳಿಗೆ ಸಾಯಿಸಬಹುದು. ಆದುದರಿಂದ ನೋವನ್ನು 'ವಯಸ್ಸಿನ ಸಹಜ ಫಲ'ವೆಂದು ತಳ್ಳಿಹಾಕುವ ಕಿವಿಯೂ, ಮೆಗ್ನೀಸಿಯಮ್ ನುಂಗಿದರೆ ಸಾಕೆಂದು ಹೇಳುವ ನಾಲಗೆಯೂ ಸಮಾನವಾಗಿ ಅಪಾಯಕರವಾದುವು. ಮೊದಲನೆಯದು ರೋಗಿಯನ್ನು ಎರಡನೆಯದರ ಕಡೆಗೆ ದೂಡುತ್ತದೆ.

೬. ಸಾಕ್ಷ್ಯದ ಪರಿಶೀಲನೆ

ಶಾಸನವೊಂದು ದೊರೆತಾಗ ಅದು ಯಾವ ಕಾಲದ್ದು, ಯಾರು ಬರೆಸಿದುದು, ಬರೆಸಿದವರಿಗೆ ಅದರಿಂದ ಏನು ಲಾಭ ಎಂದು ನಾವು ಮೊದಲು ಕೇಳುತ್ತೇವೆ. "ನಾನು ಮೆಗ್ನೀಸಿಯಮ್ ತೆಗೆದುಕೊಂಡೆ, ನೋವು ಇಳಿಯಿತು" ಎಂಬ ಹೇಳಿಕೆಯೂ ಒಂದು ಬಗೆಯ ಶಾಸನವೇ. ಹೇಳಿದವರು ಸುಳ್ಳಾಡಿದರೆಂದು ಶಂಕಿಸಬೇಕಾಗಿಲ್ಲ. ಆದರೆ ತೆಗೆದುಕೊಂಡ ತರುವಾಯ ಇಳಿದುದಕ್ಕೂ ತೆಗೆದುಕೊಂಡುದರಿಂದ ಇಳಿದುದಕ್ಕೂ ಇರುವ ಅಂತರ, ಇತಿಹಾಸದ ವಿದ್ಯಾರ್ಥಿ ಮೊದಲ ವರ್ಷದಲ್ಲಿಯೇ ಕಲಿಯತಕ್ಕ ಪಾಠ.

ಈ ಪಾಠಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಸ್ತನ ಕ್ಯಾನ್ಸರಿನ ಚಿಕಿತ್ಸೆ ಪಡೆದವರಿಗೆ ಬರುವ ಮೈಬಿಸಿಯ ತೊಂದರೆಗೆ ಮೆಗ್ನೀಸಿಯಮ್ ಆಕ್ಸೈಡನ್ನು ಕೊಟ್ಟು ನೋಡಿದ ಸಣ್ಣ ಪರೀಕ್ಷೆಯೊಂದು ೨೦೧೧ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯನ್ನು ಪೂರ್ಣಗೊಳಿಸಿದ ೨೫ ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತೊಂದರೆ ಬಹುವಾಗಿ ಇಳಿದಿದ್ದಿತು. ಎಲ್ಲರಲ್ಲಿಯೂ ಆಶೆ ಚಿಗುರಿತು. ಅದೇ ವಿದ್ವಾಂಸರು ೨೮೯ ಸ್ತ್ರೀಯರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ದಿನಕ್ಕೆ ೮೦೦ ಮಿಲಿಗ್ರಾಂ, ಕೆಲವರಿಗೆ ೧,೨೦೦ ಮಿಲಿಗ್ರಾಂ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಹುಸಿ ಗುಳಿಗೆಯನ್ನು ಕೊಟ್ಟರು. ೨೦೧೫ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೆಗ್ನೀಸಿಯಮ್ ಹುಸಿ ಗುಳಿಗೆಗಿಂತ ಮೇಲಾಗಿರಲಿಲ್ಲ. ಹೆಚ್ಚಿದುದು ಭೇದಿ ಮಾತ್ರ. ಎಪ್ಸಮ್ಮಿನ ನೀರಿನ ಮೂಲಗುಣ ನಾಲ್ಕು ಶತಮಾನಗಳ ತರುವಾಯವೂ ಕೈಬಿಟ್ಟಿರಲಿಲ್ಲ!

ಎರಡನೆಯ ನಿದರ್ಶನ ಕೀಲುನೋವಿಗೇ ಸಂಬಂಧಪಟ್ಟುದು, ಆದರೆ ಪದಾರ್ಥ ಬೇರೆ. ಒಮೆಗಾ-೩ ಎಂಬ ಕೊಬ್ಬಿನ ಗುಳಿಗೆಗಳನ್ನು ೨೪೯ ಸ್ತ್ರೀಯರಲ್ಲಿ ಪರೀಕ್ಷಿಸಿದಾಗ, ಅದನ್ನು ಪಡೆದವರ ನೋವು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಹುಸಿ ಗುಳಿಗೆ ಪಡೆದವರ ನೋವೂ ಅಷ್ಟೇ ಇಳಿಯಿತು. ಹೋಲಿಕೆಯ ಗುಂಪು ಇಲ್ಲದಿದ್ದರೆ ಒಮೆಗಾ-೩ ಇಂದು ಅದ್ಭುತ ಔಷಧವೆನಿಸಿಕೊಳ್ಳುತ್ತಿದ್ದಿತು. ನೆರೆಮನೆಯವರ ಶೀಶೆಯಲ್ಲಿ ಏನಿದ್ದರೂ, ಅದನ್ನು ಕೊಡುವ ಪ್ರೀತಿಗೂ ತೆಗೆದುಕೊಳ್ಳುವ ಭರವಸೆಗೂ ಕಾಲದ ಓಟಕ್ಕೂ ನೋವನ್ನು ಇಳಿಸುವ ಶಕ್ತಿ ಇದೆಯೆಂದಾಯಿತು. ಅದು ಅಲ್ಪವಲ್ಲ, ಆದರೆ ಅದರ ಯಶಸ್ಸು ಲವಣಕ್ಕೆ ಸಲ್ಲತಕ್ಕದ್ದಲ್ಲ.

ಮನಸ್ಸಿನ ವಿಷಯದಲ್ಲಿ ಸಾಕ್ಷ್ಯ ಕೊಂಚ ಅನುಕೂಲವಾಗಿದೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾನಿಲಯದವರು ಸೌಮ್ಯ ಹಾಗೂ ಮಧ್ಯಮ ಖಿನ್ನತೆಯುಳ್ಳ ೧೨೬ ಮಂದಿಗೆ ದಿನಕ್ಕೆ ೨೪೮ ಮಿಲಿಗ್ರಾಂ ಮೆಗ್ನೀಸಿಯಮ್ಮನ್ನು ಆರು ವಾರ ಕೊಟ್ಟಾಗ ಗಮನಾರ್ಹವಾದ ಸುಧಾರಣೆ ಕಂಡಿತೆಂದು ೨೦೧೭ರಲ್ಲಿ ವರದಿ ಮಾಡಿದರು. ಆದರೆ ಆ ಪರೀಕ್ಷೆಯಲ್ಲಿ ಹುಸಿ ಗುಳಿಗೆಯಿರಲಿಲ್ಲ. ಏನನ್ನು ನುಂಗುತ್ತಿದ್ದೇವೆಂಬುದು ಎಲ್ಲರಿಗೂ ತಿಳಿದಿದ್ದಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಖಿನ್ನತೆಗೆ ಇದನ್ನು ನೇರವಾಗಿ ಅನ್ವಯಿಸುವುದು ಆತುರವಾದೀತು.

ಹಾಗೆಂದು ಮೆಗ್ನೀಸಿಯಮ್ ಎಲ್ಲೆಡೆಯೂ ನಿಷ್ಪ್ರಯೋಜಕವೆನ್ನಲಾಗದು. ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಮೂತ್ರಪಿಂಡಗಳ ಮೂಲಕ ಮೆಗ್ನೀಸಿಯಮ್ ಸೋರಿಹೋಗುವಂತೆ ಮಾಡುತ್ತದೆಂಬುದು ೧೯೭೯ರಿಂದಲೂ ತಿಳಿದ ವಿಷಯ. ಅಂತಹವರಿಗೆ ರಕ್ತಪರೀಕ್ಷೆ ಮಾಡಿ ಕೊರತೆಯನ್ನು ತುಂಬುವುದು ಆವಶ್ಯಕ. ಕೊರತೆಯನ್ನು ತುಂಬುವುದು ಬೇರೆ, ಸಾಕಷ್ಟಿರುವಲ್ಲಿ ಇನ್ನಷ್ಟು ಸುರಿಯುವುದು ಬೇರೆ. ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು ೨೫ ಗ್ರಾಂ ಮೆಗ್ನೀಸಿಯಮ್ ಇದ್ದು, ಅದರ ಅರ್ಧಕ್ಕಿಂತ ಹೆಚ್ಚು ಮೂಳೆಗಳಲ್ಲಿದೆ. ದಿನದ ಆವಶ್ಯಕತೆ ರಾಗಿ, ಕಾಳು, ಸೊಪ್ಪು, ಕಡಲೆಕಾಯಿಗಳಿಂದ ಬಹುಮಟ್ಟಿಗೆ ದೊರಕುತ್ತದೆ. ಗುಳಿಗೆಯ ರೂಪದಲ್ಲಿ ಬೆಳೆದವರಿಗೆ ದಿನಕ್ಕೆ ೩೫೦ ಮಿಲಿಗ್ರಾಂ ಮೀರಬಾರದೆಂದು ೧೯೯೭ರಲ್ಲಿ ಅಮೆರಿಕದ ತಜ್ಞಮಂಡಲಿ ಮಿತಿಯನ್ನು ಹಾಕಿತು. ಮೂತ್ರಪಿಂಡ ಕೆಟ್ಟವರಲ್ಲಿ ಅದು ದೇಹದಲ್ಲಿ ಶೇಖರವಾಗಿ ಅಪಾಯವನ್ನೊಡ್ಡಬಲ್ಲುದು.

ಕೀಲುನೋವಿಗೆ ಹೋಲಿಕೆಯ ಪರೀಕ್ಷೆಯನ್ನು ದಾಟಿ ಬಂದ ಉಪಾಯಗಳೂ ಇಲ್ಲದಿಲ್ಲ. ೨೦೧೫ರಲ್ಲಿ ಪ್ರಕಟವಾದ ೧೨೧ ಸ್ತ್ರೀಯರ ಪರೀಕ್ಷೆಯಲ್ಲಿ, ವಾರಕ್ಕೆ ೧೫೦ ನಿಮಿಷಗಳ ನಡಿಗೆ ಮೊದಲಾದ ವ್ಯಾಯಾಮವನ್ನೂ ಎರಡು ಸಲ ಭಾರ ಎತ್ತುವ ಅಭ್ಯಾಸವನ್ನೂ ಒಂದು ವರ್ಷ ನಡೆಸಿದವರ ತೀವ್ರ ನೋವು ನೂರಕ್ಕೆ ೨೯ರಷ್ಟು ಇಳಿಯಿತು. ಉಳಿದವರದು ತುಸು ಏರಿತು. ೨೦೧೮ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ ಸೂಜಿಚಿಕಿತ್ಸೆಯೂ, ಖಿನ್ನತೆಗೆ ಕೊಡುವ ಡುಲೊಕ್ಸೆಟಿನ್ ಎಂಬ ಔಷಧವೂ ಮಿತವಾದ ಪ್ರಯೋಜನವನ್ನು ತೋರಿಸಿದುವು. ಇವುಗಳ ಮಟ್ಟದ ಸಾಕ್ಷ್ಯ ಮೆಗ್ನೀಸಿಯಮ್ಮಿನ ಪರವಾಗಿ ಇನ್ನೂ ನಿಂತಿಲ್ಲ. ಆದರೂ ಮಾರಾಟದ ಶೀಶೆಯಾಗಿ ಸುಲಭವಾಗಿ ದೊರೆಯುವುದು ಮೆಗ್ನೀಸಿಯಮ್ಮೇ. ಅಮೆರಿಕದಲ್ಲಿ ೧೯೯೪ರ ಶಾಸನವು ಪೂರಕ ಪದಾರ್ಥಗಳ ಫಲವನ್ನು ಮಾರಾಟಕ್ಕೆ ಮೊದಲು ರುಜುವಾತು ಮಾಡಬೇಕಾದ ಹೊಣೆಯನ್ನು ವ್ಯಾಪಾರಿಗಳ ಮೇಲೆ ಹೊರಿಸಲಿಲ್ಲ. ನಮ್ಮ ದೇಶದಲ್ಲಿ ಕ್ಯಾನ್ಸರ್ ಗುಣಪಡಿಸುವೆವೆಂಬ ಜಾಹೀರಾತನ್ನು ೧೯೫೪ರ ಶಾಸನ ನಿಷೇಧಿಸಿದೆಯಾದರೂ, ಬಾಯಿಂದ ಬಾಯಿಗೆ ಹರಡುವ ಭರವಸೆಗೆ ಯಾವ ಶಾಸನವೂ ಅಡ್ಡಬರಲಾರದು. ಮೋಲ್ಟ್ ಸಹೋದರರ ಅಂಗಡಿ ಇನ್ನೂ ತೆರೆದೇ ಇದೆಯೆನ್ನಬೇಕು.

೭. ಉಪಸಂಹಾರ

ಈ ಎಲ್ಲವನ್ನೂ ಸಂಗ್ರಹವಾಗಿ ದೊಡ್ಡಮ್ಮನವರಿಗೆ ತಿಳಿಸಿದೆವು. ಅವರು ಕೇಳಿದುದು ಒಂದೇ ಪ್ರಶ್ನೆ: "ಹಾಗಾದರೆ ನನ್ನ ನೋವು ಸುಳ್ಳೋ?" ಸುಳ್ಳಲ್ಲವೆಂದು, ಅದು ವೈದ್ಯರ ಪಟ್ಟಿಗಳಲ್ಲಿಯೇ ನೂರಾರು ಸ್ತ್ರೀಯರ ಹೆಸರಿಲ್ಲದ ಸಾಕ್ಷ್ಯವಾಗಿ ದಾಖಲಾಗಿದೆಯೆಂದು ಹೇಳಿದಾಗ ಅವರ ಮುಖ ತಿಳಿಯಾಯಿತು. ಮರುದಿನ ಶೀಶೆಯನ್ನೂ ಜೊತೆಗೆ ಕೊಂಡು ವೈದ್ಯರ ಬಳಿಗೆ ಹೋದೆವು. ಆಗ ಹೊರಬಿದ್ದ ಸಂಗತಿಯೊಂದಿದೆ. ಮೂಳೆ ಸವೆಯದಿರಲೆಂದು ವಾರಕ್ಕೊಮ್ಮೆ ಬರಿಹೊಟ್ಟೆಯಲ್ಲಿ ನುಂಗಬೇಕಾಗಿದ್ದ ಮಾತ್ರೆಯನ್ನು ಅವರು ಮೆಗ್ನೀಸಿಯಮ್ಮಿನೊಡನೆಯೇ ನುಂಗುತ್ತಿದ್ದರು. ಈ ಲವಣ ಆ ಮಾತ್ರೆ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಒಂದು ನಿರಪಾಯಕಾರಿಯಾದ ಉಪ್ಪು ಆವಶ್ಯಕವಾದ ಇನ್ನೊಂದು ಔಷಧವನ್ನು ತಿಂಗಳುಗಟ್ಟಲೆ ವ್ಯರ್ಥಗೊಳಿಸುತ್ತಿದ್ದಿತು. ವೈದ್ಯರು ಅದನ್ನು ಬೇರ್ಪಡಿಸಿದರು, ಹಾರ್ಮೋನ್ ಗುಳಿಗೆಯನ್ನು ಅದೇ ವರ್ಗದ ಇನ್ನೊಂದಕ್ಕೆ ಬದಲಾಯಿಸಿದರು, ದಿನವೂ ನಡೆಯಬೇಕೆಂದರು. ನೋವು ಪೂರ್ತಿ ಹೋಗಿಲ್ಲ. ಗುಳಿಗೆಯನ್ನು ಅವರು ಬಿಟ್ಟಿಲ್ಲ. ಇದೂ ಒಬ್ಬರ ಹೇಳಿಕೆ ಮಾತ್ರವೆಂಬುದನ್ನು, ಮೇಲೆ ನಾವೇ ಹಾಕಿದ ನಿಯಮದಂತೆ, ವಾಚಕರು ಮರೆಯಬಾರದು.

ಮೆಗ್ನೀಸಿಯಮ್ಮಿನ ನಾಲ್ಕು ಶತಮಾನಗಳ ಚರಿತ್ರೆಯಿಂದ ನಾವು ತೆಗೆಯಬಹುದಾದ ನಿರ್ಣಯ ಇಷ್ಟು. ಈ ಲವಣ ಭೇದಿಯಲ್ಲಿ ಸತ್ಯ, ಗರ್ಭಿಣಿಯ ಸೆಳವಿನಲ್ಲಿ ಸತ್ಯ, ಕೊರತೆಯಲ್ಲಿ ಸತ್ಯ. ಹೃದಯಾಘಾತದಲ್ಲಿಯೂ ಮೈಬಿಸಿಯಲ್ಲಿಯೂ ಆಶೆಗೆ ತಕ್ಕ ಫಲವನ್ನು ಕೊಡಲಿಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯ ಕೀಲುನೋವಿನಲ್ಲಿಯೂ ಮನಸ್ಸಿನ ಕುಗ್ಗಿನಲ್ಲಿಯೂ ಇನ್ನೂ ರುಜುವಾತಾಗಿಲ್ಲ. ರುಜುವಾತಾಗದ ಔಷಧವನ್ನು ಸೇವಿಸುವವರನ್ನು ಹಳಿಯುವುದು ಇತಿಹಾಸಕಾರನ ಕೆಲಸವಲ್ಲ. ಅವರು ಹಾಗೆ ಸೇವಿಸಲು ಕಾರಣವಾದ ನೋವನ್ನು ದಾಖಲೆಗೆ ತರುವುದು, ಆ ನೋವು ಕೇಳತಕ್ಕವರ ಕಿವಿಗೆ ಬೀಳುವಂತೆ ಮಾಡುವುದು ಅವನ ಕೆಲಸವೆಂದು ನಾವು ಭಾವಿಸಿದ್ದೇವೆ.